ಕುದುರೆ ಕಟ್ಟುವವರು ಮನೆಗಿಂತ ಮೊದಲು ಓಣಿ ನೋಡಬೇಕು

ಕಲಬುರಗಿ ರಿಂಗ್ ರಸ್ತೆಯಾಚೆಯ ಹೊಸ ಲೇಔಟ್‌ಗಳಲ್ಲಿ ಮನೆ ಕೊಳ್ಳಲು ಓಡಾಡುತ್ತಿರುವವರಲ್ಲಿ, ಮದುವೆ ಮೆರವಣಿಗೆಗೆಂದೋ ಸವಾರಿಯ ಪ್ರೀತಿಗೆಂದೋ ಕುದುರೆ ಸಾಕಿರುವ ನನ್ನ ಕೆಲವು ಪರಿಚಿತರೂ ಇದ್ದಾರೆ. ಪ್ಲಾಟ್ ಎನ್.ಎ. (ಕೃಷಿಯೇತರ ಜಮೀನು) ಆಗಿದೆಯೇ, ಬ್ಯಾಂಕ್ ಸಾಲ ಸಿಗುತ್ತದೆಯೇ, ವಾಸ್ತು ಸರಿಯಿದೆಯೇ ಎಂದು ಎಲ್ಲರೂ ವಿಚಾರಿಸುತ್ತಾರೆ. ಕುದುರೆಯ ಮಾತು ಬರುವುದು ಗೃಹಪ್ರವೇಶ ಮುಗಿದ ಮೇಲೆ. ಈ ಕ್ರಮ ಬದಲಾಗಲೇಬೇಕು ಎಂಬುದು ನನ್ನ ಅಭಿಪ್ರಾಯ. ಮನೆಯನ್ನು ಒಡೆದು ಕಟ್ಟಿಕೊಳ್ಳಬಹುದು, ಓಣಿಯ ನೆಲ, ನೀರು, ನೆರೆಹೊರೆ ನಮ್ಮ ಕೈಯಲ್ಲಿರುವುದಿಲ್ಲ.

ಕಲಬುರಗಿ, ಯಾದಗಿರಿ ಭಾಗದ ಎರೆಮಣ್ಣು ತೊಗರಿಗೆ ಬಂಗಾರವಾದರೂ ಗೊರಸಿಗೆ ಕಷ್ಟ. ಮಳೆಗಾಲದಲ್ಲಿ ಅದು ಅಂಟಿ ಹಿಡಿದು ಲಾಳವನ್ನೇ ಕಿತ್ತುಕೊಳ್ಳುತ್ತದೆ. ದಿನಗಟ್ಟಲೆ ಕೆಸರಿನಲ್ಲಿ ನಿಂತ ಕುದುರೆಯ ಕಾಲೆತ್ತಿ ನೋಡಿದರೆ, ಗೊರಸಿನ ಅಡಿಯ ಮೆತ್ತನೆಯ ಭಾಗ ಕಪ್ಪಾಗಿ ಕೊಳೆತು, ಕಡ್ಡಿ ತಾಕಿಸಿದರೆ ಸಾಕು, ದುರ್ವಾಸನೆ ಏಳುತ್ತದೆ. ಬೀದರ್ ಊರಿನ ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಂಗುವುದರಿಂದ ಅಲ್ಲಿಯವರಿಗೆ ಈ ತೊಂದರೆ ಕಡಿಮೆ. ಎರೆ ನೆಲವೇ ಗತಿಯಾದರೆ ಎತ್ತರದ ಪ್ಲಾಟ್ ಹುಡುಕಿ, ಲಾಯದ ಜಾಗಕ್ಕೆ ದಪ್ಪಗೆ ಮುರಂ (ಗರಸು ಮಣ್ಣು) ಹಾಕಿಸಬೇಕು. ಮನೆಯೊಳಗೆ ತಂಪಾಗಿರುವ ಶಹಾಬಾದ್ ಫರ್ಸಿಯನ್ನು ಲಾಯಕ್ಕೆ ಹಾಸಬಾರದು. ಮೂತ್ರದಿಂದ ತೊಯ್ದ ಆ ಕಲ್ಲಿನ ಮೇಲೆ, ಮಲಗಿ ಏಳುವ ಕುದುರೆಯ ಹಿಂಗಾಲು ಜಾರುತ್ತದೆ. ಒಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಲಾಯವಾದರೂ ಬೇಕು. 30×40 ಅಡಿಯ ಪ್ಲಾಟಿನಲ್ಲಿ ಮನೆ ಕಟ್ಟಿದ ಮೇಲೆ ಅಷ್ಟು ಜಾಗ ಉಳಿಯುವುದು ಕಷ್ಟ.

ಸಾಧಾರಣ ದಿನಗಳಲ್ಲೇ ಕುದುರೆ 25ರಿಂದ 40 ಲೀಟರ್ ನೀರು ಕುಡಿಯುತ್ತದೆ. 42 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ ಇನ್ನೂ ಹೆಚ್ಚು ಬೇಕು. ನೀರು ಸಾಲದೆ ಒಣ ಕಣಿಕೆ (ಜೋಳದ ದಂಟಿನ ಮೇವು) ಕರುಳಿನಲ್ಲಿ ಕಟ್ಟಿಕೊಂಡರೆ ಹೊಟ್ಟೆಶೂಲೆ ಬಂದು, ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತಾಗಬಹುದು. ಆದ್ದರಿಂದ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತುತ್ತದೆಯೇ ಎಂಬುದನ್ನು ಏಜೆಂಟರ ಬದಲು ಅಕ್ಕಪಕ್ಕದ ಮನೆಯವರಲ್ಲಿ ಕೇಳಬೇಕು. ರಾತ್ರಿ ಕರೆದರೆ ಬರುವ ಪಶುವೈದ್ಯರು ಎಷ್ಟು ದೂರದಲ್ಲಿದ್ದಾರೆ ಎಂಬುದೂ ಅಷ್ಟೇ ಮುಖ್ಯ. ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವ ಬೀದರ್‌ಗೆ ಈ ಅನುಕೂಲವಿದೆ. ಆದರೆ ವಾಯುನೆಲೆಯ ತರಬೇತಿ ವಿಮಾನಗಳ ಸದ್ದಿಗೆ ಕುದುರೆ ಬೆದರುತ್ತದೆಯೇ ಎಂದು ಅಲ್ಲಿ ನೋಡಿಕೊಳ್ಳಬೇಕು. ಪಟಾಕಿ, ಡಿಜೆ ನಿಲ್ಲದ ಫಂಕ್ಷನ್ ಹಾಲ್‌ನ ಪಕ್ಕವಂತೂ ಬೇಡವೇ ಬೇಡ.

ಅಂದಕ್ಕೆಂದು ಕಾಂಪೌಂಡಿಗೆ ನೆಟ್ಟ ಕಣಗಿಲೆಯನ್ನು ನಾವು ಯಾರೂ ಗಮನಿಸುವುದಿಲ್ಲ. ಅದರ ಕೆಲವೇ ಎಲೆಗಳು ಕುದುರೆಯನ್ನು ಕೊಲ್ಲಬಲ್ಲವು, ಒಣಗಿದರೂ ವಿಷ ಇಳಿಯುವುದಿಲ್ಲ.

15ನೇ ಶತಮಾನದಲ್ಲಿ ಬೀದರ್‌ಗೆ ಬಂದಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್, ಕಲಬುರಗಿ ಜಿಲ್ಲೆಯ ಆಳಂದದ ಸಂತೆಗೆ 20,000ದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವು ಎಂದು ಬರೆದಿಟ್ಟಿದ್ದಾನೆ. ಅಂಥ ಸೀಮೆಯಲ್ಲಿ ಇಂದು ಮನೆಯ ಮುಂದೆ ಒಂದು ಕುದುರೆ ಕಟ್ಟಿದರೆ ದೂರು ಬರುತ್ತದೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಆದರೂ ನೆರೆಯವರ ಮಾತಿನಲ್ಲಿ ನ್ಯಾಯವಿಲ್ಲವೆಂದಲ್ಲ. ದಿನಕ್ಕೆ ಸುಮಾರು 15 ಕಿಲೋ ಲದ್ದಿ ಬೀಳುತ್ತದೆ, ಎತ್ತದಿದ್ದರೆ ನೊಣ ತುಂಬುತ್ತದೆ. ಎಮ್ಮೆ, ಆಡು ಕಟ್ಟುವ ಮನೆಗಳಿರುವ ಹಳೆಯ ಓಣಿಯಲ್ಲಿ ಹೊಂದಾಣಿಕೆ ಸುಲಭ. ಎಲ್ಲಿಯೇ ಆಗಲಿ, ಮುಂಗಡ ಕೊಡುವ ಮೊದಲು ಎಡಬಲದ ಮನೆಗಳಿಗೆ ಹೋಗಿ, ಕುದುರೆ ಕಟ್ಟುತ್ತೇವೆಂದು ಬಾಯಿಬಿಟ್ಟು ಹೇಳಿ, ಲದ್ದಿಯನ್ನು ಯಾವ ಹೊಲಕ್ಕೆ ಸಾಗಿಸುತ್ತೇವೆಂಬುದನ್ನೂ ತಿಳಿಸಬೇಕು. ಅಷ್ಟಾದರೂ ಅವರು ಒಪ್ಪದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ಮನೆಯನ್ನು ಕೊಳ್ಳಬೇಡಿ.