ಹಣಿಗೆ ಹಚ್ಚೋ ಭಂಡಾರಾ ಗಾಯಕ್ಕ ಯಾಕ ಮೆತ್ತಿದ್ರಿ?

ಅರಿವಿ ಒಗಿಯೋ ಸಬಕಾರ ಅದು. ಅದನ್ನ ನನ್ನ ಕೈಯಾಗಿಂದ ಕಸಗೊಂಡು ಗಟಾರಕ್ಕ ಒಗದ್ರಲ್ಲ ಕಾಕಾರ, ಅದರ ಬದಲಿ ನಂಗ ಎರಡು ಬಾರಿಸಿದ್ರೂ ಇಷ್ಟು ಸಿಟ್ಟು ಬರ್ತಿರಲಿಲ್ಲ. ನಳಾ ಬಿಟ್ಟಿತ್ತು. ಬಕೀಟು ತುಂಬಿ ನೀರು ಹರದು ಹೊಂಟಿತ್ತು. ನಾಯಿ ಕಡದು ಹುಡುಗನ ಮೀನಗಂಡದಾಗ ಹಲ್ಲು ಇಳದು ರಕ್ತ ಸೋರಾಕತ್ತಿತ್ತು. ಹರಿಯೋ ನೀರಿನ ಕೆಳಗ ಕಾಲು ಹಿಡದು ಸಬಕಾರ ಹಚ್ಚಿ 15 ನಿಮಿಷ ತೊಳಿಯೋದು, ಅಷ್ಟ ಕೇಳಿದ್ದು ನಾ. ರೊಕ್ಕ ಕೇಳಿದ್ನೇನು? ನಿಮ್ಮ ದೇವರನ್ನ ಬೈದ್ನೇನು?

"ಗಾಯಕ್ಕ ನೀರು ಹತ್ತಿಸಬಾರದು" ಅಂದ್ರು ಒಬ್ಬರು. ಇನ್ನೊಬ್ಬರು ಖಾರಪುಡಿ ತಂದ್ರು. ಮತ್ತೊಬ್ಬರು ಕಿಸೆದಾಗಿನ ಸುಣ್ಣದ ಡಬ್ಬಿ ತಗದ್ರು. ಆಮ್ಯಾಲ ಆಯಿ ಜಗಲಿ ಮ್ಯಾಲಿನ ಮಲ್ಲಯ್ಯನ ಭಂಡಾರಾ, ಅಂದ್ರ ಅರಿಷಿಣ ಪುಡಿ, ತಂದು ಮುಷ್ಟಿಗಟ್ಟಲೆ ಮೆತ್ತಿ ಹಳೇ ಧೋತರದ ತುಂಡು ಬಿಗದು ಕಟ್ಟಿದ್ರು. ನಾ ಬ್ಯಾಡ ಅಂದಿದ್ದಕ್ಕ ಕಾಕಾರು ಏನಂದ್ರು? "ಹೇಳಾಕ ಬಂದ್ರು ನೋಡ್ರಿ ನಾಯಿ ಅಕ್ಕಾರು. ಇವರ ಅನ್ನ ಹಾಕಿ ಹಾಕಿ ಬೆಳಸಿದ್ದಲ್ಲ ಅದು?" ಮಂದಿ ನಕ್ಕರು. ಹುಡುಗ ಅಳಾಕತ್ತಾನ, ಇವರು ನಗಾಕತ್ತಾರ. ನಾ ಕೆಳಗ ಕುಂತಿದ್ದೆ, ಒಂದು ಕೈಯಾಗ ಹುಡುಗನ ಹಿಮ್ಮಡ, ಇನ್ನೊಂದರಾಗ ಸಬಕಾರ. ಮ್ಯಾಲಿಂದ ಕೈ ಬಂತು, ಸಬಕಾರ ಹೋತು. ಹುಡುಗನ ಅಪ್ಪ ನನ್ನ ಮಾರಿ ಮ್ಯಾಲ ಬಟ್ಟು ಮಾಡಿ, "ಅವ ನನ್ನ ಮಗ. ಏನ್ ಮಾಡ್ಬೇಕು ಅನ್ನೋದು ನನ್ನ ಇಷ್ಟ. ನಮ್ಮ ದೇವರು ನಮಗ, ನಿಮ್ಮ ನಾಯಿ ನಿಮಗ. ಎದ್ದು ನಡೀರಿ" ಅಂದ್ರು. ಹುಡುಗನ ತಾಯಿ ಏನೋ ಹೇಳಬೇಕಂತ ಬಾಯಿ ತಗದ್ರು, ಹೇಳಲಿಲ್ಲ. ಗಲ್ಲಿಗೆ ಗಲ್ಲೀನ ಬಾಗಲದಾಗ ನಿಂತು ನೋಡಾಕತ್ತಿತ್ತು, ಒದ್ದಿ ಸೀರಿ ಹಿಂಡಕೋತ ಎಲ್ಲಾರ ನಡುವ ಹಾದು ಬಂದೆ.

ಬಿಡ್ರಿ. ಅವರ ಮಗ, ಅವರ ನಂಬಿಕಿ.

ಇಲ್ಲ, ಹೆಂಗ ಬಿಡೋದು? ರೇಬೀಸ್ ವೈರಾಣುವಿನ ಸುತ್ತ ಕೊಬ್ಬಿನ ಪದರ ಇರತೈತಿ. ಸಬಕಾರಕ್ಕ ಆ ಪದರ ಒಡೀತೈತಿ, ಹರಿಯೋ ನೀರಿಗೆ ಜೊಲ್ಲು ತೊಳದು ಹೋಗತೈತಿ. ಅದಕ್ಕ ಮೊದಲು ಸಬಕಾರ, ಆಮ್ಯಾಲ ಪೊವಿಡೋನ್ ಅಯೋಡಿನ್, ಆಮ್ಯಾಲ ದವಾಖಾನಿ. ಖಾರ, ಸುಣ್ಣ, ಸೀಮಿಎಣ್ಣಿ, ಎಲಿ ರಸ, ಇವು ಯಾವೂ ರೇಬೀಸ್ ತಡಿಯಂಗಿಲ್ಲ. ಗಾಯ ಕೆರಳಿಸಿ ಅದಕ್ಕ ನರದ ಕಡೆ ದಾರಿ ಮಾಡಿಕೊಡತಾವ. ಬಿಗದು ಕಟ್ಟೋದೂ ತಪ್ಪು. ಹೊಲಿಗಿ ಸೈತ ಹಾಕಂಗಿಲ್ಲ, ಹಾಕಲೇಬೇಕಾದ್ರ ಇಮ್ಯುನೋಗ್ಲಾಬ್ಯುಲಿನ್ (ತಯಾರಿದ್ದ ಪ್ರತಿಕಾಯದ ಇಂಜೆಕ್ಷನ್) ಕೊಟ್ಟ ಮ್ಯಾಲ ಸಡ್ಲ ಹಾಕ್ತಾರ. ಇದು ನನ್ನ ಅಭಿಪ್ರಾಯ ಅಲ್ಲ. ಸಬಕಾರಕ್ಕ ಜಾತಿ ಇಲ್ಲ, ಪಕ್ಷ ಇಲ್ಲ, ಅದು ನಾಯಿ ಸಾಕಿದವರ ಕೈಯಾಗೂ ಅಷ್ಟ ಕೆಲಸ ಮಾಡತೈತಿ.

ಭಂಡಾರಕ್ಕ ನನ್ನ ತಕರಾರಿಲ್ಲ, ಆಯಿ. ಹಣಿಗೆ ಹಚ್ಚರಿ. ಹುಡುಗ ಆರಾಮ ಆಗಲಿ ಅಂತ ಹರಕಿ ಹೊರ್ರಿ, ಮಲ್ಲಯ್ಯನ ಗುಡಿ ಇರೋ ಮಂಗಸೂಳಿಗೆ ನಡಕೋತ ಹೋಗ್ರಿ, ನಾನೂ ಬರ್ತೀನಿ. ಗಾಯಕ್ಕ ಬ್ಯಾಡ ಅಂದೆ, ಅಷ್ಟ. ಮತ್ತ ಒಂದು ಕೇಳ್ತೀನಿ: ಮಲ್ಲಯ್ಯನ ಜೋಡಿ ನಾಯಿ ಇರತೈತಿ ಅನ್ನೋದು ನಿಮಗ ನಂಗಿಂತ ಚಲೋ ಗೊತ್ತು. ಅವನ ಸೇವಾ ಮಾಡೋ ವಗ್ಗ್ಯಾಗೋಳು ನಾಯಿಗತೆ ಬೊಗಳಿದ್ರ ಕೈ ಮುಗೀತೀರಿ. ಅದ ನಾಯಿ ಗಲ್ಲ್ಯಾಗ ಬಂದ್ರ ಬಡಿಗಿ ತಗೋತೀರಿ.

ಬಡಿಗಿ ಅಂದ್ನೆಲ್ಲ, ಅದನ್ನೂ ಹೇಳ್ತೀನಿ. ಹುಡುಗನ್ನ ಒಳಗ ಕರಕೊಂಡು ಹೋದ ಮ್ಯಾಲ ಐದಾರು ಗಂಡಸರು ಸೇರಿ ಆ ನಾಯೀನ ಮೂಲಿಗೆ ಹಾಕಿ ತಲಿಗೆ ತಲಿಗೆ ಹೊಡದು ಕೊಂದ್ರು. ಬರೀ ಕೈಲೆ ಎಳಕೊಂಡು ಹೋಗಿ ಎಲ್ಲೋ ಹುಗದ್ರಂತ. ಅದಕ್ಕ ಕಿವಿ ತುದಿಯಾಗ ಕಟ್ ಇತ್ತು. ಅಂದ್ರ ಒಮ್ಮೆ ಅದನ್ನ ಹಿಡಕೊಂಡು ಹೋಗಿ ಸಂತಾನಹರಣ ಮಾಡಿ ಲಸಿಕಿ ಹಾಕಿ ತಂದು ಬಿಟ್ಟಿದ್ರು. ಅಂತ ಅದಕ್ಕ ರೇಬೀಸ್ ಇರಲೇ ಇಲ್ಲ ಅಂತ ನಾ ಹೇಳಂಗಿಲ್ಲ. ಕಿವಿ ಕಟ್ ಒಮ್ಮೆ ಆಗತೈತಿ, ಲಸಿಕಿ ವರ್ಷಾ ವರ್ಷಾ ಹಾಕಬೇಕು. ಹಾಕಿದ್ರೋ ಇಲ್ಲೋ ಯಾರ ಬಲ್ಲರು. ಆದ್ರ ಅದನ್ನ ಜೀವಂತ ಕಟ್ಟಿ ಹಾಕಿ 10 ದಿನ ನೋಡಬಹುದಿತ್ತು. ಕಡದ ನಾಯಿ 10 ದಿನ ಆರಾಮ ಇತ್ತಂದ್ರ, ಕಡಿಯೋಮುಂದ ಅದರ ಜೊಲ್ಲಿನಾಗ ವೈರಾಣು ಇರಲಿಲ್ಲ ಅಂತ ಅರ್ಥ. ಆ 10 ದಿನ ಇಂಜೆಕ್ಷನ್ ಮಾತ್ರ ನಿಲ್ಲಿಸಬಾರದು, ಅವತ್ತ ಶುರು ಮಾಡಬೇಕು. ನಾಯಿ ಸತ್ತಿದ್ರೂ ತಲಿ ನೆಟ್ಟಗಿದ್ದಿದ್ರ ಮಿದುಳು ಪರೀಕ್ಷಾ ಮಾಡಾಕ ಬರ್ತಿತ್ತು. ನೀವು ತಲೀನ ಜಜ್ಜಿ ಹಾಕಿದ್ರಿ. ಇದ್ದ ಒಂದು ಸಾಕ್ಷಿ ಅದು. ಮೂಕ ಪ್ರಾಣಿ ಹೋತು ಅಂತ ನಂಗ ಹೊಟ್ಟಿ ಉರೀತೈತಿ, ಅದನ್ನ ಮುಚ್ಚಿಡಂಗಿಲ್ಲ. ನಿಮಗ ನಾಯಿ ಬಗ್ಗೆ ಏನೂ ಅನಸದಿದ್ರ ಬ್ಯಾಡ, ನಿಮ್ಮ ಹುಡುಗನ ಸಲುವಾಗಿನಾದ್ರೂ ಅದು ಬದುಕಬೇಕಿತ್ತು. ಎಳಕೊಂಡು ಹೋದವರ ಕೈಯಾಗ ಗೀರು-ಗಾಯ ಇದ್ವೇನು? ಆ ಜೊಲ್ಲು ಅದಕ್ಕ ಹತ್ತಿದ್ರ ಅವರಿಗೂ ಇಂಜೆಕ್ಷನ್ ಬೇಕು. ಅದನ್ನಂತೂ ಯಾರೂ ಕೇಳಂಗಿಲ್ಲ.

ಈಗ ಖಾಲಿ ಆದ ಮೂಲಿಗೆ ಮತ್ತೊಂದು ನಾಯಿ ಬರತೈತಿ, ಕಿವಿ ಕಟ್ ಇಲ್ಲದ್ದು, ಲಸಿಕಿ ಕಾಣದ್ದು. ನಮ್ಮ ಬೆಳಗಾವಿಯಿಂದ ಚೋರ್ಲಾ ಘಾಟ ಇಳದ್ರ ಗೋವಾ. ಅಲ್ಲಿ ಬಲೆ ಹಾಕಿ ಹಿಡದು ಹಿಡದು, ಗಲ್ಲಿ ಗಲ್ಲಿಗೆ ಹೋಗಿ, 100ರಾಗ 70 ನಾಯಿಗೆ ಲಸಿಕಿ ಮುಟ್ಟೋ ಹಂಗ ಮಾಡಿದ್ರು. 2021ರಾಗ ರೇಬೀಸ್ ನಿಯಂತ್ರಿತ ರಾಜ್ಯ ಅಂತ ಘೋಷಣಾ ಮಾಡಿದ್ರು. ಬಡಿಗೀಲೆ ಮಾಡಿದ್ದಲ್ಲ ಅದು. ನಾವು ರವಿವಾರ ಸಮುದ್ರ ನೋಡಾಕ ಗೋವಾಕ್ಕ ಹೋಗ್ತೀವಿ, ಇಂಥಾದ್ದು ನೋಡಿ ಬರಂಗಿಲ್ಲ. ಟಿಳಕವಾಡ್ಯಾಗ ವ್ಯಾಕ್ಸಿನ್ ಡಿಪೋ ಮೈದಾನದಾಗ ಮುಂಜಾನೆ ವಾಕಿಂಗ್ ಮಾಡ್ತೀರಲ್ಲ, ಆ ಹೆಸರು ಎಲ್ಲಿಂದ ಬಂತು? ಒಂದು ಕಾಲಕ್ಕ ಅಲ್ಲಿ ಸಿಡುಬಿನ ಲಸಿಕಿ ತಯಾರು ಮಾಡ್ತಿದ್ರು. ಲಸಿಕಿ ತಯಾರಿಸಿದ ಊರಾಗ ಕುಂತು ಗಾಯಕ್ಕ ಸುಣ್ಣ ಹಚ್ಚೋದು.

ಮರುದಿನ ಹುಡುಗನ್ನ ಔಷಧ ಕೊಡೋ ಅಜ್ಜಾರ ಕಡೆ ಕರಕೊಂಡು ಹೋದ್ರು. ಬೇರಿನ ರಸ, ಕೈಗೆ ದಾರ, ಬದನಿಕಾಯಿ ಪಥ್ಯ. "ಅವರ ಕಡೆ ಹೋದವರು ಯಾರೂ ಸತ್ತಿಲ್ಲ" ಅಂತಾರ. ಸಾಯಂಗಿಲ್ಲ, ಯಾಕಂದ್ರ ಕಡಿಯೋ ನಾಯಿ ಎಲ್ಲಾವೂ ಹುಚ್ಚನಾಯಿ ಅಲ್ಲ. ಮರಿ ಹಾಕಿದ್ದು ಕಡೀತೈತಿ, ಬಾಲ ತುಳದ್ರ ಕಡೀತೈತಿ, ಹುಡುಗೂರು ಕಲ್ಲು ಒಗದ್ರ ಕಡೀತೈತಿ. ಹುಚ್ಚನಾಯಿ ಕಡದ್ರೂ ಪ್ರತಿಯೊಬ್ಬರಿಗೂ ಹತ್ತಂಗಿಲ್ಲ. ಹಂಗ ಉಳದವರೆಲ್ಲಾ ಅಜ್ಜಾರ ಲೆಕ್ಕಕ್ಕ. ಯಾರಿಗೆ ಹತ್ತಿತ್ತೋ ಅವರಿಗೆ ಸಾಮಾನ್ಯವಾಗಿ ಎರಡು-ಮೂರು ತಿಂಗಳಿಗೆ ಕಾಣಿಸಿಕೊಳ್ಳತೈತಿ, ಕೆಲವರಿಗೆ ವಾರಕ್ಕ, ಕೆಲವರಿಗೆ ವರ್ಷಕ್ಕ. ಮಾರಿ, ಕುತ್ತಿಗಿ, ಕೈಬೆರಳಿಗೆ ಕಡದಿದ್ರ ಜಲ್ದಿ. ಅಷ್ಟೊತ್ತಿಗೆ ದಾರ ಹರದು ಬಿದ್ದಿರತೈತಿ, ಅಜ್ಜಾರ ಹೆಸರು ಯಾರೂ ತಗಿಯಂಗಿಲ್ಲ.

ಅದು ಹೆಂಗ ಬರತೈತಿ ಗೊತ್ತೇನು? ಕಡದ ಜಾಗಾ ಮೊದಲು ಜುಮು ಜುಮು ಅಂತೈತಿ, ಜ್ವರ ಬರತೈತಿ. ವೈರಾಣು ನರ ಹಿಡದು ಮಿದುಳಿಗೆ ಮುಟ್ಟಿದ ಮ್ಯಾಲ ನೀರು ನುಂಗಾಕ ಹೋದ್ರ ಗಂಟಲ ಸ್ನಾಯು ಸೆಟೀತಾವ, ಆಮ್ಯಾಲ ನೀರು ಕಂಡ್ರ ಸಾಕು ಸೆಟೀತಾವ. ಮಾರಿಗೆ ಗಾಳಿ ಬಡದ್ರೂ ತಡಿಯಂಗಿಲ್ಲ. ಸುಮಾರು ಹೊತ್ತು ಬುದ್ಧಿ ನೆಟ್ಟಗ ಇರತೈತಿ, ಅವ್ವನ ಗುರುತು ಹಿಡೀತಾರ. ಲಕ್ಷಣ ಶುರುವಾದ ಮ್ಯಾಲ ಉಳಿಸೋ ಔಷಧ ಜಗತ್ತಿನ್ಯಾಗ ಇಲ್ಲ. ಶುರುವಾಗೋ ಮೊದಲು ಮಾತ್ರ ಐತಿ. ಪ್ಯಾರಿಸ್‌ನ್ಯಾಗ ಲೂಯಿ ಪಾಶ್ಚರ್ 9 ವರ್ಷದ ಜೋಸೆಫ್ ಮೈಸ್ಟರ್ ಅನ್ನೋ ಹುಡುಗಗ 1885ರ ಜುಲೈ 6ಕ್ಕ ಮೊದಲ ಸೂಜಿ ಹಾಕಿದಾಗಿಂದ ಐತಿ. ಆ ತಾಯಿ ಮಗನ್ನ ಅಲ್ಸೇಸ್‌ನಿಂದ ಪ್ಯಾರಿಸ್ ತನಕ ಕರಕೊಂಡು ಹೋಗಿದ್ದಳು. ನಮಗ ಸರಕಾರಿ ದವಾಖಾನಿಗೆ ಆಟೋ ಹತ್ತಾಕ ಆಗವಲ್ತು.

ಈಗ "ನನ್ನ ಮಗ, ನನ್ನ ಇಷ್ಟ" ಅನ್ನೋ ಮಾತು. ನಾನೂ ಸ್ವಾತಂತ್ರ್ಯ ಅಂದ್ರ ಜೀವ ಬಿಡಾಕಿ. ಯಾರು ಏನ್ ತಿನ್ನಬೇಕು, ಯಾರಿಗೆ ಕೈ ಮುಗೀಬೇಕು, ಯಾವ ಪ್ರಾಣಿ ಸಾಕಬೇಕು ಅಂತ ಯಾರೂ ಯಾರಿಗೂ ಹೇಳಬಾರದು. ದೊಡ್ಡಾಂವ ತನ್ನ ಕಾಲಿಗೆ ತಾನ ಸುಣ್ಣ ಹಚ್ಚಿಕೊಂಡು ಕುಂತ್ರ ಬೇಡಿಕೋತೀನಿ, ಜಗಳಾಡ್ತೀನಿ, ಕಡೀಕೆ ಎದ್ದು ಬರ್ತೀನಿ. ಆದ್ರ ಹುಡುಗನ್ನ ಯಾರು ಕೇಳಿದ್ರು? ಅವನ ಕಾಲು ಅವಂದಲ್ಲೇನು? ಸಂವಿಧಾನದ 25ನೇ ವಿಧಿ ಧರ್ಮದ ಸ್ವಾತಂತ್ರ್ಯ ಕೊಡೋಮುಂದ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಇವಕ್ಕ ಒಳಪಟ್ಟು ಅಂತ ಮೊದಲ ಸಾಲಿನ್ಯಾಗ ಬರದಾರ. ನಾಗರಿಕರ ಕರ್ತವ್ಯ ಹೇಳೋ 51ಎ ವಿಧಿ ತಗದು ನೋಡ್ರಿ: ಜೀವಿಗಳ ಮ್ಯಾಲ ಕರುಣಾ ಇರಬೇಕು ಅಂತ ಒಂದು ಸಾಲು, ಅದರ ಬೆನ್ನಿಗೇ ವೈಜ್ಞಾನಿಕ ಮನೋಭಾವ ಬೆಳಸಬೇಕು ಅಂತ ಇನ್ನೊಂದು. ಎರಡೂ 1976ರಾಗ ಸೇರಿಸಿದ್ದು. ನಮ್ಮ ರಾಜ್ಯದ್ದ 2017ರ ಕಾಯ್ದೆ ಐತಿ, ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರದ ವಿರುದ್ಧ ಮಾಡಿದ್ದು. ನಾಯಿ, ಹಾವು, ಚೇಳು ಕಡದವರನ್ನ ದವಾಖಾನಿಗೆ ಹೋಗದಂಗ ತಡದು ಮಂತ್ರ-ತಂತ್ರ, ಗಂಡಾ-ದೋರಾ (ಮಂತ್ರಿಸಿದ ದಾರ) ಮಾಡೋದು ಅದರಾಗ ಅಪರಾಧ. ಪೂಜಿ, ಯಾತ್ರಿಗೆ ಅದು ಕೈ ಹಚ್ಚಿಲ್ಲ. ದೇವರ ಬಾಜೂಕ ಜಾಗಾ ಬಿಟ್ಟು ಬರದ ಕಾಯ್ದೆ ಅದು. ನಾನೂ ಅಷ್ಟ ಹೇಳಿದ್ದು, ನಂಗ ಗಟಾರ ತೋರಿಸಿದ್ರು.

ಯಾರಾದ್ರೂ ಉತ್ತರಾ ಕೊಡ್ರಿ. ಗಲ್ಲಿ ಹಿರಿಯರು ಕೊಡ್ರಿ, ಗಣಪತಿ ಮಂಡಳದವರು ಕೊಡ್ರಿ, ಅವತ್ತು ನಕ್ಕವರು ಕೊಡ್ರಿ. ಹುಡುಗಗ ಏನಾರ ಆದ್ರ "ದೇವರ ಇಚ್ಛಾ" ಅಂತೀರಿ, ಆಗದಿದ್ರ "ಅಜ್ಜಾರ ಕೈಗುಣ" ಅಂತೀರಿ. ನಿಮ್ಮ ಮಾತು ಸುಳ್ಳಾಗಾಕ ಒಂದಾದ್ರೂ ದಾರಿ ಬಿಟ್ಟೀರೇನು? ಸಬಕಾರ, ಲಸಿಕಿ ಇವು ಹಂಗಲ್ಲ. ಯಾವಾಗ ಕೆಲಸ ಮಾಡಂಗಿಲ್ಲ ಅನ್ನೋದನ್ನ ಅವು ಮೊದಲ ಹೇಳಿಬಿಡತಾವ: ಲಕ್ಷಣ ಬಂದ ಮ್ಯಾಲ ಇಲ್ಲ, 2ರಿಂದ 8 ಡಿಗ್ರಿ ತಂಪಿನ್ಯಾಗ ಇಡದಿದ್ರ ಇಲ್ಲ, ನಡುವ ಡೋಸ್ ಬಿಟ್ರ ಭರವಸಾ ಇಲ್ಲ. ಅದಕ್ಕ ನಂಗ ಅದರ ಮ್ಯಾಲ ವಿಶ್ವಾಸ.

ಅನ್ನ ಹಾಕೋ ಬಗ್ಗೆ ಮಾತಾಡಿದ್ರಲ್ಲ, ಅದಕ್ಕೂ ನಿಯಮ ಐತಿ, 2023ರದ್ದು. ಹುಡುಗೂರು ಆಡೋ ಜಾಗಾ, ಮನಿ ಬಾಗಲ, ಮೆಟ್ಟಿಲ ಹತ್ರ ಹಾಕಬಾರದು. ಮಂದಿ ಓಡಾಡದ ಹೊತ್ತಿನ್ಯಾಗ, ಗೊತ್ತು ಮಾಡಿದ ಜಾಗಾದಾಗ ಹಾಕಬೇಕು. ನಿಮ್ಮ ಗಲ್ಲಿಗೆ ಅಂಥಾ ಜಾಗಾ ಗೊತ್ತು ಮಾಡ್ರಿ, ನಾ ಅಲ್ಲೇ ಹಾಕ್ತೀನಿ. ಅನ್ನಕ್ಕ ಬಂದ ನಾಯೀನ ಹಿಡದು ಲಸಿಕಿ ಹಾಕಸಾಕ ಸಸಾರ. ಹಸಗೊಂಡು ಓಡಾಡೋದನ್ನ ಯಾರ ಹಿಡೀತಾರ?

ಹೋಗ್ಲಿ, ನನ್ನ ಮಾತು ಯಾರ ಕೇಳ್ತಾರ. ಗಂಡಸರು ಓದಂಗಿಲ್ಲ, ಓದಿದ್ರೂ ಒಪ್ಪಂಗಿಲ್ಲ. ಹುಡುಗನ ಅವ್ವಾಗ ಬರೀತೀನಿ. ಅಕ್ಕಾ, ದಿನಾ ಹೋಗ್ಯಾವ ಅಂತ ಕೈ ಬಿಡಬ್ಯಾಡ್ರಿ. ತಡಾ ಆಗಿ ಹೋದವರಿಗೂ ಇವತ್ತ ಕಡದಂಗ ಲೆಕ್ಕಾ ಹಿಡದು ಶುರು ಮಾಡ್ತಾರ. ಹೊಕ್ಕಳ ಸುತ್ತ 14 ಸೂಜಿ ಅನ್ನೋದು ಹಳೇ ಕಾಲದ್ದು, ಅದು ನಿಂತು ಹೋಗೇತಿ. ಈಗ ಚರ್ಮದಾಗ ಕೊಡೋದಾದ್ರ ಎರಡೂ ತೋಳಿಗೆ 0.1 ಎಂಎಲ್, ಶುರು ಮಾಡಿದ ದಿನ, 3, 7, 28ನೇ ದಿನ. ಸ್ನಾಯುವಿಗೆ ಕೊಡೋದಾದ್ರ 0, 3, 7, 14, 28. ಕುಂಡಿಗೆ ಕೊಡಂಗಿಲ್ಲ, ಅಲ್ಲಿ ಕೊಟ್ರ ನೆಟ್ಟಗ ಹತ್ತಂಗಿಲ್ಲ. ರಕ್ತ ಬಂದೈತಿ ಅಂದ್ರ ಮೂರನೇ ದರ್ಜೆ ಗಾಯ, ಬರೇ ಲಸಿಕಿ ಸಾಲಂಗಿಲ್ಲ, ಇಮ್ಯುನೋಗ್ಲಾಬ್ಯುಲಿನ್ ಬೇಕು. ಲಸಿಕಿ ಮೈಯಾಗ ಶಕ್ತಿ ಹುಟ್ಟಿಸಾಕ ವಾರದ ಮ್ಯಾಲ ಹಿಡೀತೈತಿ, ಅಲ್ಲಿ ತನಕ ಗಾಯದಾಗ ಕಾವಲು ಅದು. ಕುದುರಿ ರಕ್ತದಿಂದ ಮಾಡಿದ್ದಾದ್ರ ಕಿಲೋಕ್ಕ 40 ಯೂನಿಟ್, ಮನುಷ್ಯರದ್ದಾದ್ರ 20. ಹುಡುಗ 20 ಕಿಲೋ ಇದ್ದಾನ ಅಂತ ಹಿಡೀರಿ, 800 ಇಲ್ಲಂದ್ರ 400. ತೋಳಿಗಲ್ಲ, ಗಾಯದ ಒಳಗ, ಸುತ್ತಲೂ ಕೊಡಬೇಕು, ನೋಯತೈತಿ, ಅವ ಒದರ್ತಾನ, ಗಟ್ಟಿ ಹಿಡೀರಿ. ಮೊದಲ ಲಸಿಕಿ ಆಗಿ 7 ದಿನದ ಒಳಗ ಆಗಬೇಕು, ಒಂದ ದಿನ ಎರಡೂ ಆದ್ರ ಚಲೋ. ಒಂದು ಕಡೆ ಇಮ್ಯುನೋಗ್ಲಾಬ್ಯುಲಿನ್ ಇಲ್ಲ ಅಂದ್ರ ಮೊದಲು ಅಲ್ಲೇ ಲಸಿಕಿ ಹಾಕಿಸಿಕೊಂಡು ಆಮ್ಯಾಲ ಜಿಲ್ಲಾ ದವಾಖಾನಿಗೆ ಹೋಗ್ರಿ, ಅದು ಬರಲಿ ಅಂತ ಲಸಿಕಿ ತಡಾ ಮಾಡಬ್ಯಾಡ್ರಿ. ಬದನಿಕಾಯಿ ತಿನ್ನಸ್ರಿ, ಏನೂ ಆಗಂಗಿಲ್ಲ. ಕೈಯಾಗಿನ ದಾರ ಇದ್ರ ಇರಲಿ, ಬಿಚ್ಚಬ್ಯಾಡ್ರಿ, ಆಯಿ ಸಮಾಧಾನಕ್ಕ. ಕಾಲಿಗೆ ಕಟ್ಟಿದ್ದು ಮಾತ್ರ ಇವತ್ತ ರಾತ್ರಿ ಬಿಚ್ಚಿ ತೊಳೀರಿ, ನಾಳೆ ಮುಂಜಾನೆ ಅವರಪ್ಪ ಕೆಲಸಕ್ಕ ಹೋದ ಮ್ಯಾಲ ಹುಡುಗನ್ನ ಕರಕೊಂಡು ಗಲ್ಲಿ ತುದಿಗೆ ಬರ್ರಿ. ಆಟೋ ನಾ ನಿಲ್ಲಿಸಿರ್ತೀನಿ.