ಬಾಡಿಗೆ ಯಾರ ಖಾತೆಗೆ ಬರ್ತದೆ?

ಕಳೆದ ತಿಂಗಳು ನಮ್ಮ ಹೌಸಿಂಗ್ ಸೊಸೈಟಿಯ ಸ್ಪೆಷಲ್ ಜನರಲ್ ಬಾಡಿ ಮೀಟಿಂಗ್‌ನಲ್ಲಿ ಮೂರನೇ ಮಾಳಿಗೆಯ ಅಕ್ಕ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಬಿಲ್ಡಿಂಗ್ ಕೆಡವಿದ ಮೇಲೆ ಮೂರು ವರ್ಷ ಹೊರಗೆ ಇರಬೇಕಲ್ಲ, ಆ ಬಾಡಿಗೆ ದುಡ್ಡು ಯಾರ ಖಾತೆಗೆ ಬರ್ತದೆ?" ಅವರಿಗೆ ಬರುವ ಹಿಂದಿಯಲ್ಲೇ ಕೇಳಿದರು, ಎಲ್ಲರಿಗೂ ಅರ್ಥವಾಯಿತು. ಚೇರ್‌ಮನ್ ಕೈಯಲ್ಲಿದ್ದ ಕಾಗದ ನೋಡಿ, "ಆಂಟಿ, ನೀವು ಮೆಂಬರ್ ಅಲ್ಲ. ನಿಮ್ಮ ಮಗನಿಗೆ ಬರಲಿಕ್ಕೆ ಹೇಳಿ" ಎಂದರು. ಅಕ್ಕ ಕೂತರು. ಮೀಟಿಂಗ್ ಮುಂದೆ ಹೋಯಿತು.

ಅವರು ಆ ಮನೆಗೆ ಬಂದು 38 ವರ್ಷ ಆಯಿತು.

ಚೇರ್‌ಮನ್ ಕೆಟ್ಟವರಲ್ಲ. ಅಕ್ಕನ ಗಂಡ ತೀರಿಕೊಂಡ ರಾತ್ರಿ ಆಂಬುಲೆನ್ಸ್ ಹಿಂದೆ ಸ್ಕೂಟರಿನಲ್ಲಿ ಹೋದವರು ಅವರೇ. ಅವರು ಹೇಳಿದ್ದು ಕಾಯಿದೆ ಪ್ರಕಾರ ಸರಿಯೂ ಹೌದು. ಅದಕ್ಕೇ ಈ ಮಾತು ನನ್ನನ್ನು ಇಷ್ಟು ದಿನ ಕೊರೆಯುತ್ತಿರುವುದು. ಒಬ್ಬರ ಮೇಲೆ ಸಿಟ್ಟು ಮಾಡಿ ಮುಗಿಸುವ ವಿಷಯವಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ.

ಊರಿನಲ್ಲಿರುವವರಿಗೆ ಸ್ವಲ್ಪ ವಿವರ ಹೇಳುತ್ತೇನೆ. ನಾವಿರುವುದು ಮುಂಬಯಿಯ ಮುಲುಂಡ್‌ನಲ್ಲಿ. ನಾಲ್ಕು ಮಾಳಿಗೆಯ, ಲಿಫ್ಟ್ ಇಲ್ಲದ, 32 ಮನೆಗಳ ಹಳೆಯ ಬಿಲ್ಡಿಂಗ್. ಇಂಥ ಕಟ್ಟಡಗಳಿಗೆಲ್ಲ ಈಗ ರೀಡೆವಲಪ್‌ಮೆಂಟ್ ಕಾಲ. ಹಳೆಯದನ್ನು ಕೆಡವಿ, ಹೆಚ್ಚಿನ ಎಫ್‌ಎಸ್‌ಐ (ಜಾಗದ ಅಳತೆಗೆ ಎಷ್ಟು ಕಟ್ಟಬಹುದೆಂಬ ಮಿತಿ) ಉಪಯೋಗಿಸಿ ಎತ್ತರದ ಟವರ್ ಕಟ್ಟುತ್ತಾರೆ. ಹಳೆಯ ಸದಸ್ಯರಿಗೆ ಮೊದಲಿಗಿಂತ ದೊಡ್ಡ ಮನೆ, ಕಟ್ಟಿ ಮುಗಿಯುವವರೆಗೆ ತಿಂಗಳ ಬಾಡಿಗೆ, ಮೇಲೆ ಕಾರ್ಪಸ್ ಅಂತ ಒಂದು ಮೊತ್ತ. ಉಳಿದ ಮನೆಗಳನ್ನು ಬಿಲ್ಡರ್ ಮಾರಿಕೊಳ್ಳುತ್ತಾನೆ. ನಾನು ಇದರ ವಿರೋಧಿಯಲ್ಲ. ನಮ್ಮ ಮೆಟ್ಟಿಲಿನ ಹತ್ತಿರದ ಬೀಮ್‌ನಲ್ಲಿ ಕಬ್ಬಿಣ ಹೊರಗೆ ಕಾಣುತ್ತಿದೆ, ಮಂಡಿ ನೋವಿನ ಹೆಂಗಸರು ತಿಂಗಳಿಗೊಮ್ಮೆ ಕೆಳಗಿಳಿದರೆ ಹೆಚ್ಚು. ಕೆಡವಲೇಬೇಕು.

ಕೆಡವುವ ನಿರ್ಧಾರ ಆಗುವುದು ಸೊಸೈಟಿಯ ಮೀಟಿಂಗ್‌ನಲ್ಲಿ. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಯ 79ಎ ಕಲಮಿನ ಕೆಳಗೆ ಸರ್ಕಾರ 2009ರಲ್ಲಿ ಇದಕ್ಕೆ ನಿಯಮ ಮಾಡಿತು, 2019ರ ಜುಲೈಯಲ್ಲಿ ಅದನ್ನು ಬದಲಿಸಿತು. ಮೊದಲು ನೂರಕ್ಕೆ 75 ಸದಸ್ಯರ ಒಪ್ಪಿಗೆ ಬೇಕಿತ್ತು, ಈಗ 51 ಸಾಕು. ಮೂರನೇ ಎರಡರಷ್ಟು ಸದಸ್ಯರು ಸಭೆಯಲ್ಲಿರಬೇಕು, ಸಭೆಯ ವಿಡಿಯೊ ತೆಗೆಯಬೇಕು. ನಮ್ಮ ಲೆಕ್ಕಕ್ಕೆ 22 ಜನ ಬಂದು 17 ಜನ ಹೌದು ಅಂದರೆ ಆಯಿತು. ಬಹುಮತ ಒಪ್ಪಿದ ಮೇಲೆ ಉಳಿದವರು ಅದಕ್ಕೆ ಬದ್ಧರು ಎಂದು ಬಾಂಬೆ ಹೈಕೋರ್ಟ್ ಮತ್ತೆ ಮತ್ತೆ ಹೇಳಿದೆ. ಅಂದರೆ ಮಾತಾಡುವುದಿದ್ದರೆ ಆ ಸಭೆಯಲ್ಲೇ ಮಾತಾಡಬೇಕು.

ಬಿಲ್ಡರ್‌ನನ್ನು ಆರಿಸುವ ಸಭೆಗೆ ಇನ್ನೂ ಒಂದು ನಿಯಮ ಉಂಟು. ಸಹಕಾರಿ ಸಂಘಗಳ ರಿಜಿಸ್ಟ್ರಾರ್ ಕಡೆಯ ಅಧಿಕಾರಿ ಬಂದು ಕೂರುತ್ತಾರೆ, ಸದಸ್ಯರು ಗುರುತಿನ ಚೀಟಿ ತೋರಿಸಿ ಒಳಗೆ ಬರಬೇಕು, ಸದಸ್ಯರಲ್ಲದವರಿಗೆ ಪ್ರವೇಶ ಇಲ್ಲ. ನಿಯಮ ಮಾಡಿದ್ದು ಒಳ್ಳೆಯದಕ್ಕೇ, ಹೊರಗಿನ ಏಜೆಂಟರು ನುಗ್ಗಬಾರದು ಅಂತ. ಆದರೆ ಸದಸ್ಯ ಯಾರು? ಸೊಸೈಟಿ ಕೊಟ್ಟ ಶೇರ್ ಸರ್ಟಿಫಿಕೇಟ್‌ನಲ್ಲಿ ಹೆಸರಿದ್ದವರು.

ಆ ಮೀಟಿಂಗ್ ಮುಗಿದ ಮೇಲೆ ನಾನು ಕೆಳಗೆ ಬಂದು ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಸದಸ್ಯರ ಪಟ್ಟಿ ಓದಿದೆ. 32 ಹೆಸರುಗಳಲ್ಲಿ ಹೆಂಗಸರದ್ದು ಆರು. ಮೂವರು ತೀರಿಕೊಂಡವರು ಇನ್ನೂ ಪಟ್ಟಿಯಲ್ಲಿದ್ದರು. ನನ್ನ ಹೆಸರು ಇರಲಿಲ್ಲ. ಈ ಮನೆಯ ಸಾಲ ತೀರಿಸಲಿಕ್ಕೆ ಹನ್ನೊಂದು ವರ್ಷ ಟ್ಯೂಷನ್ ಹೇಳಿಕೊಟ್ಟವಳು ನಾನು. ಪಟ್ಟಿಯ ಮುಂದೆ ಎಷ್ಟು ಹೊತ್ತು ನಿಂತೆನೋ, ವಾಚ್‌ಮನ್ ಬಂದು "ಏನಾದ್ರೂ ಬೇಕಾ ದೀದಿ" ಅಂತ ಕೇಳಿದ.

ಇದು ಯಾರೋ ಹುನ್ನಾರ ಮಾಡಿ ಆದದ್ದಲ್ಲ. ಎಂಬತ್ತರ ದಶಕದಲ್ಲಿ ಮನೆ ಕೊಳ್ಳುವಾಗ ಸಾಲ ಸಿಗುತ್ತಿದ್ದುದು ಸಂಬಳ ಇದ್ದವರಿಗೆ, ಹೋಟೆಲಿನಲ್ಲೋ ಬ್ಯಾಂಕಿನಲ್ಲೋ ಕೆಲಸ ಇದ್ದ ಗಂಡಸರಿಗೆ. ಹೆಸರು ಅವರದ್ದೇ ಹೋಯಿತು. ಆಮೇಲೆ ಯಾರಿಗೂ ಬದಲಿಸಬೇಕು ಅನ್ನಿಸಲಿಲ್ಲ. ಸರ್ಟಿಫಿಕೇಟ್ ಕಪಾಟಿನ ಒಳಗೆ ಸೀರೆಗಳ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಮಲಗಿತ್ತು. ಆ ಕಪಾಟನ್ನು ದಿನಾ ತೆರೆಯುವವರು ನಾವು.

ನಮ್ಮ ಸೊಸೈಟಿಯ ಎಜಿಎಂ, ಅಂದರೆ ವಾರ್ಷಿಕ ಸಭೆ, ಪ್ರತಿವರ್ಷ ಸೆಪ್ಟೆಂಬರ್ ಕೊನೆಗೆ ಟೆರೇಸಿನಲ್ಲಿ ನಡೆಯುತ್ತದೆ. ಕೋರಂ ಒಮ್ಮೆಯೂ ಆದದ್ದಿಲ್ಲ. ಅರ್ಧ ಗಂಟೆ ಕಾದು, ಬಂದಷ್ಟು ಜನರಲ್ಲಿ ಮುಗಿಸುತ್ತಾರೆ. ಹೆಂಗಸರು ಹೋಗುತ್ತಿರಲಿಲ್ಲ, ಅದು ಗಂಡಸರ ಮೀಟಿಂಗ್. ಕಮಿಟಿಯಲ್ಲಿ ಹೆಂಗಸರಿಗೆ ಎರಡು ಸೀಟು ಮೀಸಲು ಇರಬೇಕೆಂದು ಕಾಯಿದೆ ಹೇಳುತ್ತದೆ. ನಮ್ಮಲ್ಲಿ ಒಂದು ಖಾಲಿ, ಇನ್ನೊಂದರಲ್ಲಿರುವವರು ಸಹಿ ಮಾಡಲಿಕ್ಕೆ ಮಾತ್ರ ಕೆಳಗೆ ಬರುತ್ತಾರೆ. ಆದರೆ ಸ್ಟ್ರಕ್ಚರಲ್ ಆಡಿಟ್‌ಗೆ ಬಂದ ಇಂಜಿನಿಯರ್ ಮನೆಮನೆಗೆ ಹೋಗಿ "ಎಲ್ಲಿ ಸೋರುತ್ತದೆ, ಯಾವಾಗಿನಿಂದ, ಮಳೆಗೆ ಮಾತ್ರವಾ ಅಥವಾ ಬೇಸಗೆಯಲ್ಲೂ ಉಂಟಾ" ಎಂದು ಕೇಳಿದ್ದು ಯಾರನ್ನು? ಬಿಲ್ಡಿಂಗಿನ ಕಾಯಿಲೆ ಗೊತ್ತಿದ್ದದ್ದು ಹೆಂಗಸರಿಗೆ. ಯಾವ ಪೈಪ್ ಯಾರ ಬಾತ್‌ರೂಮಿನಿಂದ ಯಾರ ಅಡಿಗೆಮನೆಯ ಗೋಡೆಗೆ ಇಳಿಯುತ್ತದೆ, ನೀರು ಎಷ್ಟು ಗಂಟೆಗೆ ಬಂದು ಎಷ್ಟು ಹೊತ್ತು ಇರುತ್ತದೆ, ಎಲ್ಲ. ಆತ ಬರೆದುಕೊಂಡ ರಿಪೋರ್ಟಿನ ಅರ್ಧ ಭಾಗ ನಮ್ಮ ಬಾಯಿಂದ ಹೋದದ್ದು.

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಅಕ್ಕನ ಗಂಡ ಸೊಸೈಟಿಗೆ ನಾಮಿನೇಷನ್ ಬರೆದುಕೊಟ್ಟದ್ದು ದೊಡ್ಡ ಮಗನ ಹೆಸರಿಗೆ. ಆ ಕಾಲಕ್ಕೆ ಎಲ್ಲರೂ ಹಾಗೇ ಮಾಡುತ್ತಿದ್ದರು. ಮಗ ಪುಣೆಯಲ್ಲಿದ್ದಾನೆ, ಒಳ್ಳೆಯವನೇ, ತಿಂಗಳಿಗೊಮ್ಮೆ ಬರುತ್ತಾನೆ. ಬಾಡಿಗೆ ಅವನ ಖಾತೆಗೆ ಬಂದರೆ ಏನಾಗುತ್ತದೆ? "ಅಮ್ಮ ಒಬ್ಬಳೇ ಯಾಕೆ ಬಾಡಿಗೆ ಮನೆಯಲ್ಲಿ, ನಮ್ಮ ಜೊತೆ ಇರ್ಲಿ" ಅನ್ನುತ್ತಾನೆ. ಪ್ರೀತಿಯಿಂದಲೇ ಅನ್ನುತ್ತಾನೆ. ಅಕ್ಕ ಪುಣೆಗೆ ಹೋಗಬೇಕಾಗುತ್ತದೆ. ಅವರ ಡಾಕ್ಟರ್ ಇಲ್ಲಿ, ಭಜನೆಯ ಗುಂಪು ಇಲ್ಲಿ. ಇಲ್ಲಿ ಅವರು ಹದಿನೈದು ಮನೆಗಳಿಗೆ ಹಪ್ಪಳ, ಸಂಡಿಗೆ, ಕುಚ್ಚಲಕ್ಕಿ ಹುಡಿ, ನೀರುಳ್ಳಿ ಹಾಕದ ಸಾರಿನ ಪುಡಿ ಮಾಡಿ ಕೊಡುತ್ತಾರೆ. ಆ ದುಡ್ಡಿನಲ್ಲಿ ಅವರ ಫೋನು, ಔಷಧಿ, ಮಗಳ ಮಕ್ಕಳಿಗೆ ಕೊಡುವ ನೂರಿನ್ನೂರು ನಡೆಯುತ್ತದೆ. ಮೂರು ವರ್ಷ ಪುಣೆಯಲ್ಲಿದ್ದರೆ ಆ ಹದಿನೈದು ಮನೆಗಳು ಉಳಿಯುವುದಿಲ್ಲ. ಬಾಡಿಗೆ ಅವರ ಕೈಗೆ ಬಂದರೆ ಎರಡು ಗಲ್ಲಿ ಆಚೆ ಒಂದು ಖೋಲಿ ಹಿಡಿದು ಇಲ್ಲೇ ಇರುತ್ತಾರೆ. ಅವರು ಕೇಳಿದ್ದರ ಅರ್ಥ ಅಷ್ಟು. ಆ ದಿನ ಸಭೆಯಲ್ಲಿ ಎರಡು ಗಂಟೆ ಕಾರ್ಪೆಟ್ ಏರಿಯಾ ಮತ್ತು ಪಾರ್ಕಿಂಗ್ ಬಗ್ಗೆ ಮಾತಾಯಿತು. ಬಾಡಿಗೆಯ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ್ದು ಅವರೊಬ್ಬರು.

ಬಾಡಿಗೆ ಅಂದರೆ ಸಣ್ಣ ವಿಷಯ ಅಂದುಕೊಳ್ಳಬೇಡಿ. ಗೋರೆಗಾಂವ್‌ನ ಸಿದ್ಧಾರ್ಥ ನಗರ, ಪತ್ರಾ ಚಾಳ್ ಅಂತ ಪೇಪರಿನಲ್ಲಿ ಓದಿರುತ್ತೀರಿ. 672 ಕುಟುಂಬಗಳು, 2008ರಲ್ಲಿ ಕರಾರು. ಮನೆ ಕೆಡವಿದರು, ಕೆಲಸ ನಿಂತಿತು, ಬಾಡಿಗೆ ನಿಂತಿತು. ಕೊನೆಗೆ ಸರ್ಕಾರದ ವಸತಿ ಸಂಸ್ಥೆ ಮ್ಹಾಡಾವೇ ಕಟ್ಟುವ ಕೆಲಸ ಕೈಗೆತ್ತಿಕೊಳ್ಳಬೇಕಾಯಿತು. ಸಹಿ ಹಾಕಿದ ಹಿರಿಯರಲ್ಲಿ ಎಷ್ಟೋ ಜನ ಹೊಸ ಮನೆ ನೋಡದೆಯೇ ಹೋದರು. ವರ್ಲಿಯ ಬಿಡಿಡಿ ಚಾಳ್‌ನಲ್ಲಿ 160 ಚದರಡಿ ಖೋಲಿಯಲ್ಲಿ ತಲೆಮಾರುಗಳನ್ನು ಕಳೆದ 556 ಕುಟುಂಬಗಳಿಗೆ 2025ರ ಆಗಸ್ಟ್‌ನಲ್ಲಿ 500 ಚದರಡಿಯ ಮನೆಯ ಕೀಲಿ ಸಿಕ್ಕಿದ್ದನ್ನು ಟಿವಿಯಲ್ಲಿ ನೋಡಿ ನನಗೂ ಕಣ್ಣು ತುಂಬಿತ್ತು. ಎರಡೂ ನಡೆದದ್ದು ಇದೇ ಊರಿನಲ್ಲಿ.

ಅಕ್ಕ ಬಂಟ್ವಾಳ ಕಡೆಯವರು, ಅಳಿಯಕಟ್ಟಿನ ಮನೆಯಲ್ಲಿ ಹುಟ್ಟಿದವರು. ಅವರ ಊರಿನ ಕುಟುಂಬದ ಮನೆ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಹೆಣ್ಣುಮಕ್ಕಳಿಗೆ ಬಂದದ್ದು. ಈಗಲೂ ವರ್ಷಕ್ಕೊಮ್ಮೆ ಭೂತದ ಕೋಲಕ್ಕೆ ಹೋದಾಗ ಅಲ್ಲಿ ಅವರ ಮಾತು ಕೇಳಿಯೇ ಮುಂದುವರಿಯುತ್ತಾರೆ. ಅಂಥವರು ಮುಂಬಯಿಗೆ ಬಂದು 450 ಚದರಡಿಯ ಮನೆಯಲ್ಲಿ ಹೆಸರಿಲ್ಲದವರಾದರು. "ಊರಲ್ಲಿ ಮನೆ ನಂದು, ಇಲ್ಲಿ ನಾನು ಮನೆಯವರು" ಎಂದರು ಆ ಸಂಜೆ ನಮ್ಮ ಅಡಿಗೆಮನೆಯಲ್ಲಿ ಚಹಾ ಕುಡಿಯುತ್ತಾ. ತುಳುನಾಡಿನಿಂದ ಬಂದ ನಾವೆಲ್ಲ ನಮ್ಮ ಕಟ್ಟುಕಟ್ಟಳೆಯ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತೇವೆ. ಆ ಹೆಮ್ಮೆಯನ್ನು ಊರಿನಲ್ಲೇ ಬಿಟ್ಟು ಬಂದಿದ್ದೇವೆಯೇ ಎಂದು ನಾನು ಕೇಳಲೇಬೇಕು.

ಮರುದಿನದಿಂದ ನಾವು ಆರು ಜನ ಹೆಂಗಸರು ಸೇರಿದೆವು. ಮೊದಲನೇ ಮಾಳಿಗೆಯ ಗುಜರಾತಿ ಬೆನ್, ಎದುರು ಮನೆಯ ಮರಾಠಿ ಕಾಕು, ಪಾಲಕ್ಕಾಡ್‌ನ ಮಾಮಿ, ನಾವು ಮೂವರು ಕನ್ನಡದವರು. ಕಾಕುವಿನ ಸೊಸೆ ವಕೀಲೆ, ಆಕೆ ಕೂತು ಹೇಳಿಕೊಟ್ಟಳು. ನಾಮಿನಿ ಅಂದರೆ ಮಾಲೀಕ ಅಲ್ಲ, ವಾರಸುದಾರರ ಪರವಾಗಿ ಹಿಡಿದುಕೊಂಡವನು. ವಿಲ್ ಮಾಡದೆ ಗಂಡ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹೆಂಡತಿಗೂ ಮಕ್ಕಳಷ್ಟೇ ಪಾಲು, ಗಂಡನ ತಾಯಿ ಇದ್ದರೆ ಅವರಿಗೂ. ಅಕ್ಕನಿಗೆ ಇಬ್ಬರು ಗಂಡು, ಒಬ್ಬಳು ಹೆಣ್ಣು, ಅತ್ತೆ ಇಲ್ಲ. ಹಾಗಾದರೆ ನಾಲ್ಕನೇ ಒಂದು ಪಾಲು ಅವರದ್ದೇ. ಇಷ್ಟು ವರ್ಷ ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಗಂಡ ಬದುಕಿರುವಾಗಲೇ ಮಾಡಬಹುದಾದದ್ದು ಇನ್ನೂ ಸುಲಭ. ಸದಸ್ಯ ಬರೆದುಕೊಟ್ಟರೆ ಹೆಂಡತಿ ಅಸೋಸಿಯೇಟ್ ಮೆಂಬರ್ ಆಗಬಹುದು, ಅವನ ಲಿಖಿತ ಒಪ್ಪಿಗೆಯಿಂದ ಅವನ ಬದಲು ಸಭೆಗೆ ಹೋಗಬಹುದು. ಅದರಿಂದ ಮನೆಯಲ್ಲಿ ಪಾಲು ಬರುವುದಿಲ್ಲ, ಇದು ನೆನಪಿರಲಿ. ಪಾಲೇ ಕೊಡುವುದಿದ್ದರೆ ಗಿಫ್ಟ್ ಡೀಡ್ ಇದೆ. ಮಹಾರಾಷ್ಟ್ರದಲ್ಲಿ ವಾಸದ ಮನೆಯನ್ನು ಹೆಂಡತಿಗೋ ಮಕ್ಕಳಿಗೋ ಗಿಫ್ಟ್ ಮಾಡಿದರೆ ಸ್ಟಾಂಪ್ ಡ್ಯೂಟಿ 200 ರೂಪಾಯಿ, ಅದರ ಮೇಲೆ ಬೇರೆ ಶುಲ್ಕಗಳು ಸೇರುತ್ತವೆ ಅಷ್ಟೆ. ಇದನ್ನೆಲ್ಲ ಬಿಲ್ಡರ್ ಜೊತೆ ಹೊಸ ಮನೆಯ ಕರಾರು ರಿಜಿಸ್ಟರ್ ಆಗುವ ಮೊದಲು ಮಾಡಬೇಕು. ಆ ಕರಾರಿನಲ್ಲಿ ಯಾರ ಹೆಸರು ಬರುತ್ತದೋ ಹೊಸ ಮನೆಯೂ ಅವರ ಹೆಸರಿನಲ್ಲೇ. ಮೂವತ್ತು ನಲವತ್ತು ವರ್ಷಗಳಲ್ಲಿ ಒಮ್ಮೆ ಎಲ್ಲ 32 ಮನೆಗಳ ಕಾಗದ ಒಟ್ಟಿಗೆ ಹೊರಗೆ ಬರುವ ಗಳಿಗೆ ಇದು. ಈಗ ಹೆಸರು ಸೇರದಿದ್ದರೆ ಮುಂದಿನ ತಲೆಮಾರಿನವರೆಗೆ ಕಾಯಬೇಕು.

ಕಮಿಟಿಯ ಒಬ್ಬರು ನನ್ನ ಹತ್ತಿರ ಹೇಳಿದರು, "ಇದು ಮನೆಮನೆಯ ಒಳಗಿನ ವಿಷಯ, ಸೊಸೈಟಿ ಹೇಗೆ ತಲೆ ಹಾಕುವುದು?" ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಯಾರ ಹೆಸರಿಗೆ ಏನು ಬರೆಯಬೇಕೆಂದು ಸೊಸೈಟಿ ಹೇಳುವಂತಿಲ್ಲ, ಹೇಳಲೂಬಾರದು. ಆದರೆ ಗೋಡೆಯ ಸೋರಿಕೆ ಮನೆಯ ಒಳಗಿನದ್ದೇ ಅಲ್ಲವೇ, ಅದಕ್ಕೆ ನೋಟಿಸ್ ಹಾಕುತ್ತೀರಲ್ಲ? ನಾವು ಕೇಳಿದ್ದು ಮೂರು. ಎಲ್ಲ ಮನೆಗಳಿಗೂ ನಾಮಿನೇಷನ್, ವರ್ಗಾವಣೆ, ಅಸೋಸಿಯೇಟ್ ಮೆಂಬರ್ ಫಾರ್ಮುಗಳನ್ನು ಬಿಲ್ಡರ್ ಆರಿಸುವ ಸಭೆಗೆ ಮುಂಚೆ ಕೊಡಿ. ಆ ಸಭೆಗೆ ಮೊದಲು ಮನೆಯಲ್ಲಿ ವಾಸವಿರುವ ಎಲ್ಲರಿಗೂ ಒಂದು ಸಭೆ ಕರೆಯಿರಿ, ಮತ ಇರುವುದಿಲ್ಲ, ಪ್ರಶ್ನೆ ಕೇಳಬಹುದು. ಸದಸ್ಯ ಬರೆದುಕೊಟ್ಟರೆ ಬಾಡಿಗೆಯನ್ನು ಅಲ್ಲಿ ವಾಸವಿದ್ದವರ ಖಾತೆಗೆ ಹಾಕಬೇಕೆಂಬ ಸಾಲನ್ನು ಕರಾರಿನಲ್ಲಿ ಸೇರಿಸಿ.

ಮೊದಲ ಎರಡಕ್ಕೆ ಕಮಿಟಿ ಒಪ್ಪಿದೆ. ಮೂರನೆಯದನ್ನು ಪಿಎಂಸಿ (ಸೊಸೈಟಿ ನೇಮಿಸಿಕೊಂಡ ಪ್ರಾಜೆಕ್ಟ್ ಸಲಹೆಗಾರರು) ಜೊತೆ ಕೇಳಿ ಹೇಳುತ್ತೇವೆ ಎಂದಿದ್ದಾರೆ.

ನನ್ನ ಯಜಮಾನರು ಪಟ್ಟಿಯ ವಿಷಯ ಕೇಳಿ ಆ ರಾತ್ರಿ ತುಂಬ ಹೊತ್ತು ಮಾತಾಡಲಿಲ್ಲ. ಬೆಳಿಗ್ಗೆ ಕಪಾಟು ತೆರೆದು ಆ ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲಿಟ್ಟು, "ನನಗೆ ಇದು ಹೊಳೆದೇ ಇರ್ಲಿಲ್ಲ" ಅಂದರು. ನನ್ನ ಹೆಸರು ಸೇರಿಸಲಿಕ್ಕೆ ಮುಂದಿನ ವಾರ ರಿಜಿಸ್ಟ್ರಾರ್ ಆಫೀಸಿಗೆ ಹೋಗುವವರಿದ್ದೇವೆ.

ಬೆಂಗಳೂರಿನಲ್ಲಿರುವ ತಂಗಿ ಫೋನಿನಲ್ಲಿ, ಅವರ ಹಳೆಯ ಅಪಾರ್ಟ್‌ಮೆಂಟಿನಲ್ಲೂ ಕೆಡವುವ ಮಾತು ಶುರುವಾಗಿದೆ ಅಂದಳು. ಅಲ್ಲಿ ಕಾಯಿದೆ ಬೇರೆ. ಆದರೂ ಸೇಲ್ ಡೀಡ್‌ನಲ್ಲಿ ಯಾರ ಹೆಸರಿದೆ ನೋಡು ಅಂದೆ. ನೀವೂ ಈ ಬರಹ ಓದಿ ಮುಗಿಸಿದ ಮೇಲೆ ಒಮ್ಮೆ ಕಪಾಟು ತೆರೆದು ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಅಕ್ಕನ ಮಗ ಕಳೆದ ಶನಿವಾರ ಪುಣೆಯಿಂದ ಬಂದಿದ್ದ. ನಾವು ಹೇಳುವ ಮೊದಲೇ ಅವನ ತಂಗಿ ಅವನ ಹತ್ತಿರ ಮಾತಾಡಿದ್ದಳು. ತಾಯಿಯ ಹೆಸರಿಗೆ ವರ್ಗಾಯಿಸಲು ಮೂವರು ಮಕ್ಕಳೂ ಒಪ್ಪಿ ಸಹಿ ಹಾಕಿದ ಕಾಗದ ಈಗ ಸೆಕ್ರೆಟರಿಯ ಫೈಲಿನಲ್ಲಿದೆ. ಎಲ್ಲರಿಗೂ ಕರೆದ ಸಭೆ ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಅಕ್ಕನಿಗೆ ಟೆರೇಸಿನ ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಕೆಳಗೆ ಪಾರ್ಕಿಂಗ್‌ನಲ್ಲಿ ಕುರ್ಚಿ ಹಾಕಲಿಕ್ಕೆ ಹೇಳಿದ್ದೇವೆ. ಅವರು ಪ್ರಶ್ನೆಯನ್ನು ಈ ಸಲ ಕನ್ನಡದಲ್ಲೇ ಕೇಳುತ್ತೇನೆ ಅಂದಿದ್ದಾರೆ, ಹಿಂದಿಗೆ ನಾನು ಹೇಳಬೇಕಂತೆ.