ಲೈನ್ ಸರಿಯಾಗಿದೆ, ನೀವೇ ಸರಿಯಿಲ್ಲ

ಮುಂಬಯಿಯಲ್ಲಿ ಇಂಟರ್ನೆಟ್ ಕೆಡುವುದೇ ಇಲ್ಲ. ನಂಬಿಕೆ ಬರದಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ನೋಡಿ. ಕೆಟ್ಟಿರುವುದು ನಿಮ್ಮ ಲ್ಯಾಪ್‌ಟಾಪು, ನಿಮ್ಮ ಮನೆ ಗೋಡೆ, ಹೆಚ್ಚೆಂದರೆ ನಿಮ್ಮ ಗ್ರಹಚಾರ. ಲೈನ್ ಮಾತ್ರ ಗುಂಡುಕಲ್ಲಿನ ಹಾಗಿದೆ.

ಈ ಊರಿನ ಜಂಬ ಸುಮ್ನೆ ಬಂದದ್ದಲ್ಲ. ಸಮುದ್ರದಡಿಯಿಂದ ದೇಶಕ್ಕೆ ಬರುವ ಎಷ್ಟೋ ಕೇಬಲ್‌ಗಳು ದಡ ಹತ್ತುವುದು ಇಲ್ಲೇ, ವರ್ಸೋವಾ ಕಡೆ. ಸಾವಿರಾರು ಕಿಲೋಮೀಟರ್ ಉಪ್ಪುನೀರಿನಡಿ ಬಂದ ಡೇಟಾ ಕೂದಲೂ ಕೊಂಕದೆ ಮುಂಬಯಿ ಮುಟ್ಟುತ್ತದೆ. ಅಲ್ಲಿಂದ ಮುಲುಂಡಿನ ನಮ್ಮ ಮೂರನೇ ಮಹಡಿಗೆ ಬಂದರಾಯಿತು. ಆ ದಾರಿ ನೀವು ನೋಡಬೇಕು. ಎದುರು ಬಿಲ್ಡಿಂಗಿನ ಟೆರೇಸಿನಿಂದ ಕರಿ ವೈರು ಹೊರಡುತ್ತದೆ. ಗುಲ್‌ಮೊಹರ್ ಕೊಂಬೆಗೆ ಒಂದು ಸುತ್ತು ಹಾಕುತ್ತದೆ. ನಮ್ಮ ನೀರಿನ ಪೈಪಿಗೆ ಯಾರದೋ ಹಳೇ ಶೂ ಲೇಸಿನಲ್ಲಿ ಕಟ್ಟಿಸಿಕೊಂಡು, ಮೆಟ್ಟಿಲ ಪಕ್ಕದ ಬಾಗಿಲಿಲ್ಲದ ಪೆಟ್ಟಿಗೆಗೆ ಇಳಿಯುತ್ತದೆ. ಪೆಟ್ಟಿಗೆಯೊಳಗೆ ಪಾರಿವಾಳದ ಸಂಸಾರ. ಮಳೆಗಾಲಕ್ಕೆ ಮುಂಚೆ ಮರ ಸವರುವವರು ಬಂದರೆ ಕೊಂಬೆಯ ಜೊತೆ ಅರ್ಧ ಸೊಸೈಟಿಯ ವರ್ಕ್ ಫ್ರಮ್ ಹೋಮೂ ಕೆಳಗೆ ಬೀಳುತ್ತದೆ.

ನಮ್ಮದು 100 ಎಂಬಿಪಿಎಸ್ ಪ್ಲಾನು. ಬೆಳಿಗ್ಗೆ 95 ಬರುತ್ತದೆ, ರಾತ್ರಿ 9ಕ್ಕೆ 3. ದೂರು ಕೊಟ್ಟರೆ ಹುಡುಗ ಬರುವುದು ಬೆಳಿಗ್ಗೆ 11ಕ್ಕೆ. ಮಕ್ಕಳು ಶಾಲೆಯಲ್ಲಿ, ದೊಡ್ಡವರು ಲೋಕಲ್‌ನಲ್ಲಿ, ಇಡೀ ಬಿಲ್ಡಿಂಗಿನ ಲೈನು ಖಾಲಿ. ಅವನು ಲ್ಯಾಪ್‌ಟಾಪ್ ಮುಟ್ಟುವುದೂ ಇಲ್ಲ. ರೌಟರಿನಿಂದ ಗೇಣು ದೂರದಲ್ಲಿ ತನ್ನ ಫೋನ್ ಹಿಡಿದು ಸ್ಪೀಡ್ ಟೆಸ್ಟ್ ಒತ್ತುತ್ತಾನೆ. ಆ ಟೆಸ್ಟು ಬಹಳ ಸಲ ಓಡುವುದು ಇದೇ ಊರಿನಲ್ಲಿರುವ ಅವನದೇ ಕಂಪನಿಯ ಸರ್ವರ್ ತನಕ. ಮುಳ್ಳು ಝುಂಯ್ ಅಂತ ಮೇಲೇರುತ್ತದೆ. ಸ್ಕ್ರೀನ್‌ಶಾಟ್ ಹೊಡೆದು ಕೈ ಚಾಚುತ್ತಾನೆ. “ಓಟಿಪಿ ಹೇಳಿ ಅಂಕಲ್.”

“ರಾತ್ರಿ ಸ್ಲೋ ಆಗ್ತದಲ್ಲಪ್ಪಾ?”

“ರಾತ್ರಿ ಮತ್ತೆ ಕಂಪ್ಲೇಂಟ್ ಹಾಕಿ. ಇದನ್ನ ಕ್ಲೋಸ್ ಮಾಡ್ಬೇಕು, ಇಲ್ಲಾಂದ್ರೆ ನನ್ನ ಸಂಬಳ ಕಟ್.”

ಪಾಪ, ಅವನದೂ ಹೊಟ್ಟೆಪಾಡು. ಓಟಿಪಿ ಕೊಟ್ಟೆ. ರಿಪೇರಿ ಆದರೂ ಆಗದಿದ್ದರೂ ನಾಲ್ಕಂಕಿ ಸಿಕ್ಕರೆ ದೂರಿಗೆ ಮೋಕ್ಷ.

ಲ್ಯಾಪ್‌ಟಾಪ್ ಪೂರ್ತಿ ಸಾಚಾ ಅಂತ ನಾನೂ ಹೇಳುವುದಿಲ್ಲ. ಹಳೇ ವೈಫೈ ಕೂರುವುದು 2.4 ಗಿಗಾಹರ್ಟ್ಸ್ ಎಂಬ ರೇಡಿಯೊ ಬ್ಯಾಂಡಿನಲ್ಲಿ. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಅಂದರೆ ಮೂರೇ, 1, 6, 11. ನಮ್ಮ ವಿಂಗಿನ ಅಷ್ಟೂ ಮನೆಯ ರೌಟರುಗಳು ಅದರಲ್ಲೇ ನುಗ್ಗಾಡುತ್ತವೆ. ಮೈಕ್ರೊವೇವ್ ಓವನ್ ಕೂಡ ಅದೇ ಬ್ಯಾಂಡಿನದು. ಪಕ್ಕದವರು ಅನ್ನ ಬಿಸಿ ಮಾಡಿದರೆ ನನ್ನ ಮೀಟಿಂಗಿನಲ್ಲಿ ಬಾಸ್ ಬಾಯಿ ತೆರೆದುಕೊಂಡು ನಿಂತುಬಿಡುತ್ತಾರೆ (ಇದನ್ನು ತೊಂದರೆ ಅನ್ನಬೇಕೋ ಬೇಡವೋ, ಬೇರೆ ಮಾತು). 5 ಗಿಗಾಹರ್ಟ್ಸ್‌ಗೆ ಹೋದರೆ ವೇಗ ಜಾಸ್ತಿ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಅದಕ್ಕೆ ಸುಸ್ತು. ಇದರ ಮೇಲೆ ಬ್ಯಾಟರಿ ಸೇವರ್, ಕದ್ದು ಫೋಟೊ ಅಪ್‌ಲೋಡ್ ಮಾಡುವ ಕ್ಲೌಡ್, ಆಫೀಸಿನ ವಿಪಿಎನ್.

ಕಳ್ಳ ಯಾರು ಅಂತ ಹಿಡಿಯುವುದು ಕಷ್ಟವೇನಲ್ಲ. ರೌಟರಿನಿಂದ ಲ್ಯಾಪ್‌ಟಾಪಿಗೆ ನೇರ ಲ್ಯಾನ್ ಕೇಬಲ್ ಚುಚ್ಚಿ, ರಾತ್ರಿ ಅಳೆದರೆ ಆಯಿತು. ಪೂರ್ತಿ ಬಂದರೆ ವೈಫೈ ತಪ್ಪು, ಬರದಿದ್ದರೆ ಲೈನಿನದೇ ಅನುಮಾನ. ಚೋದ್ಯ ಇರುವುದು ಇಲ್ಲೇ ನೋಡಿ. ಫೋನಿನಲ್ಲಿ ಕಸ್ಟಮರ್ ಕೇರ್ ಹೇಳುತ್ತದೆ, “ವೈಫೈ ಸ್ಪೀಡಿಗೆ ನಾವು ಜವಾಬ್ದಾರರಲ್ಲ, ಕೇಬಲ್ ಹಾಕಿ ಅಳೆಯಿರಿ.” ಅವರದೇ ಹುಡುಗ ಅಳೆಯುವುದು ವೈಫೈಯಲ್ಲಿ. ರಾತ್ರಿ ಕೇಬಲ್ ಹಾಕಿ ಅಳೆದು ಕಳಿಸಿದ್ದೂ ಆಯಿತು, “ನಿಮ್ಮ ಲ್ಯಾಪ್‌ಟಾಪ್ ಹಳೇದು ಸರ್” ಎಂಬ ಉತ್ತರ ಬಂದದ್ದೂ ಆಯಿತು. ಹಗಲು 95 ಎಳೆಯುವ ಲ್ಯಾಪ್‌ಟಾಪಿಗೆ ಕತ್ತಲಾದ ಮೇಲೆ ಮುಪ್ಪು ಬರುತ್ತದೆ.

ಸರಕಾರಕ್ಕೆ ದೂರು ಕೊಡೋಣ ಅಂದರೆ ಅಲ್ಲೂ ನಾನು ಸುಖಿಯೇ. ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಡೌನ್‌ಲೋಡ್ ಕನಿಷ್ಠ 512 ಕೆಬಿಪಿಎಸ್ ಇರಬೇಕು ಅಂತಿತ್ತು. 2023ರ ಜನವರಿಯಲ್ಲಿ ಅದನ್ನು 2 ಎಂಬಿಪಿಎಸ್‌ಗೆ ಏರಿಸಿದರು. ನನಗೆ 3 ಬರುತ್ತಿದೆ. ಲೆಕ್ಕಕ್ಕಿಂತ ಒಂದು ಜಾಸ್ತಿಯೇ ಅಲ್ವಾ?

ಕಳೆದ ಭಾನುವಾರ ಸೊಸೈಟಿ ಮೀಟಿಂಗಿಗೆ ಇನ್ನೊಂದು ಕಂಪನಿಯ ಸೇಲ್ಸ್‌ಮನ್ ಟೈ ಕಟ್ಟಿಕೊಂಡು ಬಂದಿದ್ದ. 300 ಎಂಬಿಪಿಎಸ್, ಓಟಿಟಿ ಫ್ರೀ, ಮೊದಲ ತಿಂಗಳು ಬಿಲ್ಲಿಲ್ಲ. ಒಂದು ಫೈಬರನ್ನು ಎಷ್ಟು ಮನೆಗೆ ಹಂಚುತ್ತೀರಿ, 32ಕ್ಕೋ 64ಕ್ಕೋ ಎಂದು ಕೇಳಿದೆ. ಅವನು ನನ್ನನ್ನು ಬಿಟ್ಟು ಸೆಕ್ರೆಟರಿ ಮುಖ ನೋಡಿದ. ಸೆಕ್ರೆಟರಿಗೆ ಬೇಕಿದ್ದದ್ದು ಟೆರೇಸಿನ ಬಾಡಿಗೆ ಎಷ್ಟು ಕೊಡುತ್ತೀರಿ ಎಂಬುದೊಂದೇ. ಆಗ ಎದ್ದರು ಎರಡನೇ ಮಹಡಿಯ ಶೆಟ್ಟರು, ಹೋಟೆಲ್ ನಡೆಸಿ ತಲೆ ನರೆತವರು.

“ಅದೆಲ್ಲ ಇರ್ಲಿ ಮಾರಾಯ್ರೆ,” ಅಂತ ನನಗೆ ಕಣ್ಣು ಹೊಡೆದು, ಅವನಿಗೆ ಹಿಂದಿಯಲ್ಲಿ ಕೇಳಿದರು. “ರಾತ್ರಿ 9 ಗಂಟೆಗೆ ಬಂದು ಡೆಮೊ ತೋರಿಸ್ತೀಯಾ?”

ಹುಡುಗ ಬ್ರೋಷರ್ ಮಡಚಿದ. “ಸರ್, ನಮ್ಮ ಆಫೀಸ್ 6ಕ್ಕೆ ಬಂದ್.”